ಪ್ರೊಫೆಸರರು ಕಂಡ ಸೆರಗಿನ ಗಂಟು

ಸೋದರಿಯರೇ, ‘ಮ್ಯಾನೇಜ್‌ಮೆಂಟ್’ ಅನ್ನುವ ಪದ ಕಂಡೊಡನೆ ಪುಟ ಮಗುಚಿ ಹಪ್ಪಳ ಸಂಡಿಗೆಯ ಕಡೆ ಹೊರಟುಬಿಡಬೇಡಿ, ಸ್ವಲ್ಪ ತಾಳಿ. ಟೈ ಕಟ್ಟಿದ ಗಂಡಸರು ತಂಪು ಕೋಣೆಯಲ್ಲಿ ಕೂತು ಗೋಡೆಯ ಮೇಲೆ ಬಾಣದ ಗುರುತು ಹಾಕುವ ವಿದ್ಯೆ ಅದು, ನಮಗೇಕೆ ಎನ್ನುವಿರಿ. ಹಾಗಾದರೆ ತಿಂಗಳ ಮೊದಲ ವಾರ ಕೈಗೆ ಬಂದ ದುಡ್ಡನ್ನು ಹಾಲಿಗಿಷ್ಟು, ದಿನಸಿಗಿಷ್ಟು, ಮಗನ ಬಸ್ ಪಾಸಿಗಿಷ್ಟು, ಅತ್ತೆಯವರ ಬಿ.ಪಿ. ಮಾತ್ರೆಗಿಷ್ಟು ಎಂದು ವಿಂಗಡಿಸಿ, ನಡುವೆ ಬಂದೆರಗುವ ಮದುವೆ ಮುಂಜಿಯ ಮುಯ್ಯಿಗೂ ಒಂದಿಷ್ಟು ಸೆರಗಿನ ಗಂಟಿನಲ್ಲಿ ಉಳಿಸುತ್ತೀರಲ್ಲ, ಅದಕ್ಕೆ ಏನು ಹೆಸರು? ಆ ಗಂಟನ್ನು ಗಮನಿಸಿ ನೋಡಿ, ಅದರ ಮೇಲೆ ದಪ್ಪನೆಯ ಪುಸ್ತಕ ಬರೆದು, ಲೋಕದ ದೊಡ್ಡ ದೊಡ್ಡ ಕಂಪನಿಗಳ ಯಜಮಾನರ ಮುಂದಿಟ್ಟ ಪ್ರೊಫೆಸರರೊಬ್ಬರಿದ್ದರು. ಮನೆಯಲ್ಲಿ ಕನ್ನಡ ಆಡುತ್ತಿದ್ದ ಕುಟುಂಬದವರು. ಹೆಸರು ಸಿ. ಕೆ. ಪ್ರಹ್ಲಾದ್.

ಕೊಣನೂರಿನಂಥ ಊರಿನಲ್ಲಿ ಕೂತವಳಿಗೆ ಇವರೆಲ್ಲಿ ಸಿಕ್ಕರು ಅಂತೀರಾ? ನನ್ನ ತಮ್ಮನ ಮಗಳು ಮೈಸೂರಿನಲ್ಲಿ ಎಂ.ಬಿ.ಎ. ಓದುತ್ತಾಳೆ. ರಜಕ್ಕೆ ಬಂದಾಗ ಬಟ್ಟೆಯ ಜತೆ ಪುಸ್ತಕವನ್ನೂ ಹೊತ್ತು ತರುತ್ತಾಳೆ. ಸಂಜೆ ಹೊಳೆ ಕಡೆಯ ಗಾಳಿಗೆ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಾಗ, “ಅತ್ತೆ, ಇಲ್ಲಿ ನೋಡಿ, ನಿಮ್ಮ ವಿಷಯ ಬರೆದಿದಾರೆ” ಅಂತ ಓದಿ ಹೇಳುತ್ತಿದ್ದಳು. ಮೊದಮೊದಲು ಹೂಂಗುಟ್ಟಿದೆ. ಆಮೇಲೆ ನಾನೇ “ಇನ್ನೊಂದು ಪುಟ ಓದೇ” ಅನ್ನುವ ಹಾಗಾಯಿತು. ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಆಗ ಒಂದು ವಿಷಯ ಕಗ್ಗಂಟಾಗಿ ಕೂತಿತ್ತು. ಅದಕ್ಕೆ ಈ ಪುಸ್ತಕ ದಾರಿ ತೋರೀತೇ ಎಂಬ ಆಸೆಯೂ ಇತ್ತು ಅನ್ನಿ. ಆ ಮಾತು ಮುಂದೆ ಹೇಳುತ್ತೇನೆ.

ಪ್ರಹ್ಲಾದ್ ಹುಟ್ಟಿದ್ದು 1941ರಲ್ಲಿ, ಕೊಯಮತ್ತೂರಿನಲ್ಲಿ. ಹನ್ನೊಂದು ಮಕ್ಕಳಲ್ಲಿ ಒಂಬತ್ತನೆಯವರು! ತಂದೆ ನ್ಯಾಯಾಧೀಶರು, ಸಂಸ್ಕೃತ ವಿದ್ವಾಂಸರು. ಮದರಾಸಿನ ಲೊಯೋಲಾ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಹತ್ತೊಂಬತ್ತನೆಯ ವಯಸ್ಸಿಗೇ ಯೂನಿಯನ್ ಕಾರ್ಬೈಡ್ ಕಂಪನಿಯ ಬ್ಯಾಟರಿ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. (ಹೌದು, 1984ರ ಭೋಪಾಲದ ಅನಾಹುತದಲ್ಲಿ ಹೆಸರು ಕೆಡಿಸಿಕೊಂಡ ಕಂಪನಿಯೇ. ಇದು ಅದಕ್ಕೆ ಇಪ್ಪತ್ತು ವರ್ಷ ಹಿಂದಿನ ಮಾತು.) ನಾಲ್ಕು ವರ್ಷ ಅಲ್ಲಿದ್ದರು. ಮೀಸೆ ಚಿಗುರುವ ವಯಸ್ಸಿನಲ್ಲಿ ಕಾರ್ಮಿಕ ಸಂಘದವರ ಎದುರು ಕೂತು ಕೆಲಸಕ್ಕೂ ಕೂಲಿಗೂ ಲೆಕ್ಕ ಹೊಂದಿಸುವುದೆಂದರೆ ಹುಡುಗಾಟವೇ? ತನ್ನ ಬದುಕು ತಿರುಗಿದ್ದೇ ಆ ಕಾರ್ಖಾನೆಯಲ್ಲಿ ಅಂತ ಮುಂದೆ ಅವರು ಹೇಳಿಕೊಳ್ಳುತ್ತಿದ್ದರಂತೆ. ಕಲಿಸಿದವರಲ್ಲಿ ಕೂಲಿಯವರೂ ಇದ್ದರು ಎಂಬುದನ್ನು ಮರೆಯದವರು ಅಪರೂಪ. ನನಗೆ ಆ ಗುಣ ಹಿಡಿಸಿತು.

ಆಮೇಲೆ ಅಹಮದಾಬಾದಿನ ಐ.ಐ.ಎಂ. 1961ರಲ್ಲಿ ಶುರುವಾದ ಸಂಸ್ಥೆ ಅದು. ಇವರು 1966ರಲ್ಲಿ ಓದು ಮುಗಿಸಿದರು. ಅಲ್ಲಿಂದ ಅಮೆರಿಕದ ಹಾರ್ವರ್ಡ್, ಡಾಕ್ಟರೇಟು. ಮತ್ತೆ ಅಹಮದಾಬಾದಿಗೆ ಬಂದು ಪಾಠ ಹೇಳಿ, ಕೊನೆಗೆ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದವರು ಅಲ್ಲೇ ಬೇರೂರಿದರು. ಪತ್ನಿ ಗಾಯತ್ರಿ, ಇಬ್ಬರು ಮಕ್ಕಳು. ಗಂಡಸರ ಜೀವನಚರಿತ್ರೆಗಳಲ್ಲಿ ಹೆಂಡತಿಗೆ ಯಾವಾಗಲೂ ಇಷ್ಟೇ ಜಾಗ, ಒಂದು ಸಾಲು! ನಾನೂ ಅಷ್ಟೇ ಕೊಟ್ಟೆ ನೋಡಿ.

1990ರಲ್ಲಿ ತಮ್ಮ ಶಿಷ್ಯನಂತಿದ್ದ ಗ್ಯಾರಿ ಹ್ಯಾಮೆಲ್ ಎಂಬಾತನ ಜತೆ ಒಂದು ಲೇಖನ ಬರೆದರು. ಹೆಸರಾಗಿದ್ದು ಅದರಿಂದಲೇ. ಅದರಲ್ಲೊಂದು ಮರದ ಹೋಲಿಕೆ ಬರುತ್ತದೆ. ಕಂಪನಿ ಅನ್ನುವುದು ಒಂದು ಮರ. ಅಂಗಡಿಯಲ್ಲಿ ನಾವು ಕಾಣುವ ಸರಕು ಅದರ ಎಲೆ, ಹೂವು, ಹಣ್ಣು. ಮರವನ್ನು ನಿಲ್ಲಿಸಿ ಪೊರೆಯುವ ಬೇರು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಆ ಬೇರೇ ಕಂಪನಿಯ ಮೂಲ ಕಸುಬುಗಾರಿಕೆ. ಹೋಂಡಾದವರು ಬೈಕು ಮಾಡಿದರು, ಕಾರು ಮಾಡಿದರು, ಹುಲ್ಲು ಕತ್ತರಿಸುವ ಯಂತ್ರವನ್ನೂ ಮಾಡಿದರು. ಎಲ್ಲಕ್ಕೂ ಬೇರು ಒಂದೇ, ಇಂಜಿನ್ನಿನ ವಿದ್ಯೆ. ಇದನ್ನು ಕೇಳಿ ನನಗೆ ನೆನಪಾದದ್ದು ನಮ್ಮ ಬೀದಿಯ ಒಬ್ಬ ಅಜ್ಜಿ. ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ಬಾಣಂತಿ ಖಾರ, ಏನು ಮಾಡಿದರೂ ಬೀದಿಗೆಲ್ಲ ಘಮ್ಮೆನ್ನುತ್ತಿತ್ತು. ಆಕೆಯ ವಿದ್ಯೆ ಯಾವುದೋ ಒಂದು ಪುಡಿಯಲ್ಲಿರಲಿಲ್ಲ, ಹುರಿಯುವ ಹದದಲ್ಲಿತ್ತು. ಕೊತ್ತಂಬರಿ ಬೀಜ ಎಷ್ಟು ಬಿಸಿಯಾದಾಗ ಇಳಿಸಬೇಕೆಂದು ಮೂಗಿನಲ್ಲೇ ತಿಳಿಯುತ್ತಿದ್ದಳು. ಹಾರ್ವರ್ಡಿನ ಪತ್ರಿಕೆಯಲ್ಲಿ ಬಂದ ಲೇಖನ ನಮಗೆ ಅರ್ಥವಾಗದೆ ಏನು, ಹೇಳಿ?

ದೊಡ್ಡ ಕಂಪನಿಗಳು ಸಲಹೆ ಕೇಳಿಕೊಂಡು ಇವರ ಬಾಗಿಲಿಗೆ ಬಂದವು. ನಮ್ಮ ಅಪ್ಪಂದಿರ ಕಾಲದ ರೇಡಿಯೋ ಮೇಲೆ ಹೆಸರಿರುತ್ತಿತ್ತಲ್ಲ ಫಿಲಿಪ್ಸ್, ಆ ಕಂಪನಿ 1990ರ ಸುಮಾರಿಗೆ ನಷ್ಟದಲ್ಲಿ ಮುಳುಗುವಂತಿದ್ದಾಗ ಮೇಲೆತ್ತುವ ಕೆಲಸಕ್ಕೆ ಸಲಹೆ ಕೊಟ್ಟವರಲ್ಲಿ ಇವರೂ ಒಬ್ಬರು. 2004ರಲ್ಲಿ ವೆಂಕಟ್ ರಾಮಸ್ವಾಮಿಯವರ ಜತೆ ಬರೆದ ಇನ್ನೊಂದು ಪುಸ್ತಕದಲ್ಲಿ, ಇನ್ನು ಮುಂದೆ ಗಿರಾಕಿಯೂ ಕಂಪನಿಯೂ ಕೂಡಿ ಸರಕು ತಯಾರಿಸುತ್ತಾರೆ ಎಂದರು. ಇದು ಮಾತ್ರ ನನಗೆ ಅಂಥ ಹೊಸದಾಗಿ ಕಾಣಲಿಲ್ಲ. ಹಿಟ್ಟಿನ ಗಿರಣಿಗೆ ನಮ್ಮ ರಾಗಿ ನಾವೇ ಹೊತ್ತು, “ಸ್ವಲ್ಪ ತರಿಯಾಗಿರಲಿ ಕಣಪ್ಪ” ಅಂತ ನಿಂತು ಬೀಸಿಸಿಕೊಂಡು ಬರುವ ನಮಗೆ ಯಾರು ಹೇಳಿಕೊಡಬೇಕು?

ಆದರೆ ಅದೇ 2004ರಲ್ಲಿ ಬಂದ ಮತ್ತೊಂದು ಪುಸ್ತಕ ಇದೆಯಲ್ಲ, ನಮ್ಮ ಸೊಸೆಯಂದಿರೂ ಮಗಳಂದಿರೂ ತಿಳಿಯಬೇಕಾದದ್ದು ಅದು. ‘ಪಿರಮಿಡ್ಡಿನ ಬುಡದಲ್ಲಿರುವ ಸಂಪತ್ತು’ ಅಂತ ಅದರ ಹೆಸರನ್ನು ಕನ್ನಡಿಸಬಹುದು. ಲೋಕದ ಜನರನ್ನು ದುಡ್ಡಿನ ಲೆಕ್ಕದಲ್ಲಿ ಒಂದು ಗೋಪುರದಂತೆ ನಿಲ್ಲಿಸಿದರೆ ಶಿಖರದಲ್ಲಿ ಕೆಲವೇ ಶ್ರೀಮಂತರು, ತಳದಲ್ಲಿ ದಿನಕ್ಕೆ ಎರಡು ಡಾಲರಿಗಿಂತ ಕಡಿಮೆಯಲ್ಲಿ ಬದುಕುವ 400 ಕೋಟಿ ಜನ. ಕಂಪನಿಗಳು ಈ ತಳವನ್ನು ಕಣ್ಣೆತ್ತಿ ನೋಡುತ್ತಿರಲಿಲ್ಲ. ಸರ್ಕಾರಗಳು ನೋಡಿದರೂ ಅಯ್ಯೋ ಪಾಪ ಅಂತ ನೋಡುತ್ತಿದ್ದವು. 1995ರ ಕ್ರಿಸ್‌ಮಸ್ ರಜದಲ್ಲಿ ಪ್ರಹ್ಲಾದರ ತಲೆಗೆ ಈ ಪ್ರಶ್ನೆ ಹೊಕ್ಕಿತಂತೆ: ಇಷ್ಟೊಂದು ವಿದ್ಯೆ, ಬಂಡವಾಳ, ಯಂತ್ರ ಎಲ್ಲ ಇದ್ದೂ ಬಡವರಿಗೆ ಬೇಕಾದ್ದನ್ನು ಒದಗಿಸಲು ನಮ್ಮಿಂದ ಯಾಕಾಗುತ್ತಿಲ್ಲ?

ಆ ಪುಸ್ತಕದಲ್ಲೊಂದು ಲೆಕ್ಕವಿದೆ. ಕೇಳಿದ ಮೇಲೆ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮುಂಬಯಿಯ ಧಾರಾವಿ ಕೊಳೆಗೇರಿಯವರು ಕೊಡುವ ಬೆಲೆಯನ್ನೂ ಶ್ರೀಮಂತರ ವಾರ್ಡನ್ ರಸ್ತೆಯವರು ಕೊಡುವ ಬೆಲೆಯನ್ನೂ ಅಕ್ಕಪಕ್ಕ ಇಟ್ಟಿದ್ದಾರೆ. ಕುಡಿಯುವ ನೀರಿಗೆ ಧಾರಾವಿಯವರದು 37 ಪಟ್ಟು ಹೆಚ್ಚು! ಭೇದಿಯ ಔಷಧಕ್ಕೆ 10 ಪಟ್ಟು. ಅಕ್ಕಿಗೂ ಒಂದಿಷ್ಟು ಜಾಸ್ತಿ. ಸಾಲಕ್ಕೆ ಶ್ರೀಮಂತರು ನೂರಕ್ಕೆ 12ರಿಂದ 18 ಬಡ್ಡಿ ಕೊಟ್ಟರೆ, ಗುಡಿಸಲಿನವರು ವರ್ಷಕ್ಕೆ 600ರಿಂದ 1000. ಇದನ್ನು ಅವರು ಬಡತನದ ದಂಡ ಎನ್ನುತ್ತಾರೆ. ನಮ್ಮ ಕಡೆ ಮೀಟರ್ ಬಡ್ಡಿ ಅನ್ನುತ್ತೇವೆ. ಬಡವರು ಏನೂ ಕೊಳ್ಳಲಾರರು ಅನ್ನುವ ಮಾತೇ ಸುಳ್ಳು, ಅವರು ಆಗಲೇ ನಿಮಗಿಂತ ಜಾಸ್ತಿ ಕೊಟ್ಟು ಕೊಳ್ಳುತ್ತಿದ್ದಾರೆ ಎಂದು ಕಂಪನಿಯವರ ಮುಖಕ್ಕೆ ಹಿಡಿದರಲ್ಲ, ಈ ಒಂದಕ್ಕೇ ಅವರಿಗೆ ಕೈಮುಗಿಯಬೇಕು.

ಉದಾಹರಣೆಗಳೂ ಹಾಗೆಯೇ, ನಮಗೆ ಹತ್ತಿರದವು. ಮಧುರೈನ ಅರವಿಂದ ಕಣ್ಣಾಸ್ಪತ್ರೆ ಒಂದು. ಗೋವಿಂದಪ್ಪ ವೆಂಕಟಸ್ವಾಮಿ ಎಂಬ ಡಾಕ್ಟರು ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ 1976ರಲ್ಲಿ 11 ಹಾಸಿಗೆ ಹಾಕಿಕೊಂಡು ಶುರು ಮಾಡಿದ್ದು. ಕೀಲುವಾತದಿಂದ ಅವರ ಬೆರಳುಗಳೇ ಸೊಟ್ಟಗಾಗಿದ್ದವು. ಆ ಬೆರಳಲ್ಲೇ ಕಣ್ಣಿನ ಪೊರೆ ತೆಗೆಯುವುದು ಕಲಿತರು. ದುಡ್ಡಿದ್ದವರು ಕೊಟ್ಟದ್ದರಲ್ಲಿ ಇಲ್ಲದವರಿಗೂ ಆಪರೇಷನ್ನು. ಇಬ್ಬರಿಗೂ ಅದೇ ಡಾಕ್ಟರು, ಅದೇ ಶಿಸ್ತು. ದಿನಕ್ಕೆ ಹೆಚ್ಚು ಹೆಚ್ಚು ಆಪರೇಷನ್ ಮಾಡಿದಷ್ಟೂ ಒಂದೊಂದರ ಖರ್ಚು ಇಳಿಯುತ್ತದೆ ಎಂಬುದೇ ಅದರ ಗುಟ್ಟು. ನೂರು ಎಲೆ ಅಡುಗೆಯಲ್ಲಿ ಎಲೆಯೊಂದಕ್ಕೆ ಬೀಳುವ ಖರ್ಚು ಎಷ್ಟು ಅಂತ ನಿಮಗೆ ಗೊತ್ತಿಲ್ಲವೇ?

ಇನ್ನೊಂದು ಉಪ್ಪಿನದು. ಅಯೋಡಿನ್ ಇಲ್ಲದೆ ಗಳಗಂಡವಾಗುತ್ತದೆ, ಮಕ್ಕಳ ಬುದ್ಧಿ ಬೆಳೆಯುವುದಿಲ್ಲ ಅಂತ ಉಪ್ಪಿಗೆ ಅಯೋಡಿನ್ ಸೇರಿಸುತ್ತಾರೆ. ಆದರೆ ಮೂಟೆಯಲ್ಲಿ ಬಹಳ ದಿನ ಇದ್ದರೆ, ನಮ್ಮ ಹಾಗೆ ಮಸಾಲೆಯ ಜತೆ ಕುದಿಸಿದರೆ ಅದರಲ್ಲಿ ಒಂದಷ್ಟು ಹಾರಿಹೋಗುತ್ತದೆ. ಹಾಗೆ ಹಾರದಂತೆ ಅಯೋಡಿನ್ನಿಗೆ ಒಂದು ಕವಚ ಕಟ್ಟುವ ಉಪಾಯವನ್ನು ಹಿಂದುಸ್ತಾನ್ ಲಿವರಿನವರು ಹುಡುಕಿದ್ದನ್ನು ಪ್ರಹ್ಲಾದ್ ವಿವರಿಸಿದ್ದಾರೆ. ಅಮೆರಿಕದ ಪ್ರೊಫೆಸರು ನಮ್ಮ ಸಾರು ಎಷ್ಟು ಹೊತ್ತು ಕುದಿಯುತ್ತದೆ ಅಂತ ಯೋಚಿಸಿದರಲ್ಲ! (ನೀವು ಸಾರಿಗೆ ಉಪ್ಪನ್ನು ಕೊನೆಯಲ್ಲಿ ಹಾಕಿ ಮುಚ್ಚಿಡಿ. ಸಕ್ಕರೆ ಡಬ್ಬದ ಹಾಗೆ ಉಪ್ಪಿನ ಡಬ್ಬಕ್ಕೂ ಬಿಗಿ ಮುಚ್ಚಳ ಇರಲಿ, ಒಲೆಯ ಪಕ್ಕ ಬೇಡ.)

ಇಷ್ಟು ಹೊಗಳಿದ ಮೇಲೆ ಒಂದಿಷ್ಟು ತಕರಾರು.

ಶಾಂಪೂ ಸ್ಯಾಷೆ ನೋಡಿ. ಅಂಗಡಿಯ ಬಾಗಿಲಿಗೆ ತೋರಣ ಕಟ್ಟಿದ ಹಾಗೆ ತೂಗಾಡುತ್ತವಲ್ಲ, ಅವು. ಅದನ್ನು ಪ್ರಹ್ಲಾದ್ ಕಂಡುಹಿಡಿದರು ಅಂತ ಕೆಲವರು ಹೇಳುತ್ತಾರೆ, ಅದು ಸರಿಯಲ್ಲ. ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಎಂಬವರ ಯೋಚನೆ ಅದು. ಅವರ ಮಗ 1983ರಲ್ಲಿ ಹದಿನೈದು ಸಾವಿರ ರೂಪಾಯಿ ಬಂಡವಾಳ ಹಾಕಿ ಅದನ್ನೇ ದೊಡ್ಡ ಉದ್ಯಮ ಮಾಡಿದರು. ದಿನಗೂಲಿಯವಳಿಗೆ ಬಾಟಲಿ ಕೊಳ್ಳುವಷ್ಟು ದುಡ್ಡು ಒಟ್ಟಿಗೆ ಕೂಡಿಬರುವುದಿಲ್ಲ, ಆದರೆ ಹಬ್ಬದ ದಿನ ಅವಳಿಗೂ ನೊರೆ ಬರುವ ಶಾಂಪೂ ಬೇಕು. ಇದರ ಅರ್ಥವನ್ನು ಲೋಕಕ್ಕೆ ಬಿಡಿಸಿ ಹೇಳಿದ್ದು ಪ್ರಹ್ಲಾದ್. ಚಿಕ್ಕ ಪೊಟ್ಟಣ ಬಡವಳ ಮರ್ಯಾದೆ ಕಾಯುತ್ತದೆ ಎಂಬುದು ಅವರ ವಾದ. ಒಪ್ಪುತ್ತೇನೆ. ನಾನೇ ಅಂಗಡಿಯಲ್ಲಿ ನಿಂತು ಮಿಲಿಲೀಟರಿನ ಲೆಕ್ಕ ಭಾಗಿಸಿ ನೋಡಿದೆ. ಕೆಲವು ಬ್ರಾಂಡಿನಲ್ಲಿ ಬಾಟಲಿಗಿಂತ ಸ್ಯಾಷೆಯೇ ಅಗ್ಗ. ನೀವೂ ಒಮ್ಮೆ ನೋಡಿ.

ಆದರೆ ಶಾಂಪೂ ಮುಗಿದ ಮೇಲೆ ಆ ಪೊಟ್ಟಣ ಎಲ್ಲಿ ಹೋಗುತ್ತದೆ? ನಮ್ಮೂರಿಗೆ ಬಂದರೆ ತೂಗುಸೇತುವೆಯ ಮೇಲೆ ನಿಂತು ಕೆಳಗೆ ನೋಡಿ. ರಾಮನಾಥಪುರಕ್ಕೆ ಹೋಗಿ, ಕಾವೇರಿಯಲ್ಲಿ ದೇವರ ಮೀನು ನೋಡಲು ಜನ ಬರುವ ಕಡೆ, ಮೆಟ್ಟಿಲ ಸಂದಿಯಲ್ಲಿ ಏನು ಸಿಕ್ಕಿಕೊಂಡಿದೆ ನೋಡಿ. ಹಲವು ಪದರ ಅಂಟಿಸಿದ ಆ ಹಾಳೆಯನ್ನು ಗುಜರಿಯವನೂ ತೆಗೆದುಕೊಳ್ಳುವುದಿಲ್ಲ. 2025ರ ಮಾರ್ಚಿಯಲ್ಲಿ ನಮ್ಮ ರಾಜ್ಯದ ಪರಿಸರ ಸಚಿವರು, ತೀರ್ಥಕ್ಷೇತ್ರಗಳ ನದಿ ಕೆರೆಗಳ 500 ಮೀಟರಿನೊಳಗೆ ಸೋಪು ಶಾಂಪೂ ಮಾರದಂತೆ ನೋಡಿಕೊಳ್ಳಿ ಎಂದು ಅಧಿಕಾರಿಗಳಿಗೆ ಹೇಳಬೇಕಾಯಿತು. ಗೋಪುರದ ಬುಡದಲ್ಲಿ ಹೊಳೆಯೂ ಇದೆ ಎಂಬುದಕ್ಕೆ ಆ ಪುಸ್ತಕದಲ್ಲಿ ಇನ್ನಷ್ಟು ಜಾಗ ಸಿಗಬೇಕಿತ್ತು.

ಇನ್ನೊಂದು ತಕರಾರು ನನ್ನದಲ್ಲ, ಅವರದೇ ವಿಶ್ವವಿದ್ಯಾಲಯದ ಇನ್ನೊಬ್ಬ ಪ್ರೊಫೆಸರು ಅನೀಲ್ ಕರ್ನಾನಿಯವರದು. ಅವರು 2007ರಲ್ಲಿ ನೇರವಾಗಿ ಎದುರು ನಿಂತರು. ಬಡವರಿಗೆ ಮಾರುವುದರಿಂದ ಬಡತನ ಹೋಗುವುದಿಲ್ಲ, ಬಡವರಿಂದ ಕೊಳ್ಳಿ, ಅವರಿಗೆ ಕೆಲಸ ಕೊಡಿ, ಆಗ ಹೋಗುತ್ತದೆ ಎಂದರು. ಮುಖ ಬೆಳ್ಳಗಾಗುತ್ತದೆಂದು ಮಾರುತ್ತಿದ್ದ ಫೇರ್ ಅಂಡ್ ಲವ್ಲಿ ಕ್ರೀಮನ್ನೇ ಉದಾಹರಣೆಗೆ ತೆಗೆದುಕೊಂಡರು. ಹೊಲದಲ್ಲಿ ದುಡಿಯುವ ಕಪ್ಪು ಹುಡುಗಿಯ ಕೈಯಲ್ಲಿ ಚಿಕ್ಕ ಪೊಟ್ಟಣ ಇಟ್ಟು, ನೀನೂ ಆರಿಸಿಕೊಳ್ಳಬಹುದು ಅನ್ನುವುದು ಅವಳಿಗೆ ಬಲ ಕೊಟ್ಟಂತೆಯೋ, ಅವಳ ಬಣ್ಣದ ಬಗ್ಗೆ ನಾಚಿಕೆ ಕಲಿಸಿದಂತೆಯೋ? 2020ರಲ್ಲಿ ಕಂಪನಿಯೇ ಆ ಹೆಸರಿನಿಂದ ‘ಫೇರ್’ ಪದ ತೆಗೆದುಹಾಕಿತು. ಈ ಜಗಳದಲ್ಲಿ ನನ್ನ ಮನಸ್ಸು ಕರ್ನಾನಿಯವರ ಕಡೆಗೆ ವಾಲುತ್ತದೆ. ಆದರೂ ಪ್ರಹ್ಲಾದರ ಪುಸ್ತಕವಿರದಿದ್ದರೆ ಈ ಜಗಳವೇ ಹುಟ್ಟುತ್ತಿರಲಿಲ್ಲ. ಇಬ್ಬರು ಪ್ರೊಫೆಸರರು ನಮ್ಮಂಥವರ ಐದು ರೂಪಾಯಿಗಾಗಿ ಹೀಗೆ ವಾದಿಸಿದ್ದು ಹಿಂದೆಂದಾದರೂ ಉಂಟೇ?

ಈಗ ನಮ್ಮ ಸಂಘದ ಕಗ್ಗಂಟು. ಸ್ತ್ರೀಶಕ್ತಿ ಯೋಜನೆ 2000ದ ಇಸವಿಯಲ್ಲಿ ಶುರುವಾದದ್ದು ನಿಮಗೆ ಗೊತ್ತೇ ಇದೆ; ನಮ್ಮದರಲ್ಲಿ ಹದಿನೆಂಟು ಜನ ಇದ್ದೇವೆ. ಅವರಲ್ಲೊಬ್ಬಾಕೆ, ಗಂಡ ತೀರಿಕೊಂಡು ಎರಡು ಮಕ್ಕಳನ್ನು ಸಾಕುತ್ತಿರುವವಳು, ಸಾಲ ಕೇಳಿದಳು. ಒಂದು ಕಂಪನಿಯ ಸೋಪು, ಶಾಂಪೂ, ಕ್ರೀಮು ತಂದು ಹಳ್ಳಿ ಹಳ್ಳಿ ತಿರುಗಿ ಮಾರುತ್ತೇನೆ, ಮುಂಗಡ ಕಟ್ಟಬೇಕು ಅಂದಳು. ಪ್ರಹ್ಲಾದರ ಕಾಲದಲ್ಲೇ ಹಿಂದುಸ್ತಾನ್ ಲಿವರಿನವರು ಈಗ ತೆಲಂಗಾಣದಲ್ಲಿರುವ ನಲ್ಗೊಂಡ ಜಿಲ್ಲೆಯಲ್ಲಿ ಹೆಂಗಸರ ಸಂಘಗಳ ಮೂಲಕ ಇಂಥದನ್ನು ಶುರು ಮಾಡಿದ್ದರು, ‘ಶಕ್ತಿ’ ಅಂತ ಅದರ ಹೆಸರು. ಇದು ಆ ಕಂಪನಿಯಲ್ಲ, ಬೇರೆ ಯಾವುದೋ, ಹೆಸರು ಬೇಡ.

ಸಭೆಯಲ್ಲಿ ಎರಡು ಪಕ್ಷವಾಯಿತು. “ಮನೆಯಲ್ಲಿ ಕೂತು ಏನು ಮಾಡ್ತಾಳೆ, ನಾಕು ಜನರ ಮುಖ ನೋಡ್ಲಿ, ಕೊಡ್ರಿ” ಅಂತ ಒಂದು ಕಡೆ. “ಹಳ್ಳಿಯೋರ ದುಡ್ಡು ಕಂಪನಿಗೆ ಹೊತ್ತು ಹಾಕೋದಕ್ಕೆ ನಮ್ಮ ಉಳಿತಾಯ ಯಾಕೆ?” ಅಂತ ಇನ್ನೊಂದು ಕಡೆ. ಸಾಲದ ವಿಷಯವೆಂದರೆ ಈಗ ಎಲ್ಲರಿಗೂ ಭಯ. ಕಿರುಸಾಲದ ಕಂಪನಿಗಳ ವಸೂಲಿಗಾರರ ಕಾಟ ತಡೆಯಲು ನಮ್ಮ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತಲ್ಲ! ಬಡವರಿಗೆ ಸಾಲ ಸಿಗುವಂತಾಗಬೇಕೆಂದು ಪುಸ್ತಕ ಹೇಳುತ್ತದೆ, ನಿಜ. ಸಿಕ್ಕ ಸಾಲ ಕೊರಳಿಗೆ ಸುತ್ತದಂತೆ ನೋಡಿಕೊಳ್ಳುವ ಕೆಲಸ ಮಾತ್ರ ಹೆಂಗಸರ ಸಭೆಗೇ ಬಿಟ್ಟದ್ದು.

ನಾನು ಕಾಗದ ಪೆನ್ಸಿಲು ತೆಗೆದೆ. ನೂರು ರೂಪಾಯಿಯ ಸೋಪು ಶಾಂಪೂ ಮಾರಿದರೆ ಅವಳ ಕೈಗೆ ಎಷ್ಟು? ಬಸ್ಸಿಲ್ಲದ ಹಳ್ಳಿಗೆ ಆಟೋ ಎಷ್ಟು? ಮಾರದೆ ಉಳಿದದ್ದನ್ನು ಕಂಪನಿ ವಾಪಸು ತೆಗೆದುಕೊಳ್ಳುತ್ತದೆಯೇ? ಕೊನೆಯ ಪ್ರಶ್ನೆಗೆ ಕಂಪನಿಯ ಹುಡುಗ ನೆಲ ನೋಡಿದ. ಆಗ ನಾನು ಅವಳನ್ನೇ ಕೇಳಿದೆ, “ನಿನ್ನ ಬೇರು ಯಾವುದೇ?” ಅವಳಿಗೆ ಅರ್ಥವಾಗಲಿಲ್ಲ, ಪ್ರಹ್ಲಾದರ ಮರದ ಕತೆ ಹೇಳಿದೆ. ಎಲ್ಲರೂ ನಕ್ಕರು. ಆಮೇಲೆ ಹಿಂದೆ ಕೂತ ಒಬ್ಬಾಕೆ, “ಇವಳ ಕೈ ಹುಳಿಪುಡಿ ತಿಂದಿಲ್ವೇನ್ರೇ? ಆ ಅಜ್ಜಿ ಮೊಮ್ಮಗಳು ಕಣ್ರೇ ಇವಳು” ಅಂದಳು. ಸಭೆ ಒಂದು ನಿಮಿಷ ಸುಮ್ಮನಾಯಿತು.

ಸಾಲ ಕೊಟ್ಟೆವು. ಅರ್ಧ ದುಡ್ಡಿಗೆ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಒಂದು ದಪ್ಪ ತಳದ ಬಾಣಲೆ. ಉಳಿದರ್ಧಕ್ಕೆ ಅವಳು ಹಟ ಹಿಡಿದು ಸೋಪು ಶಾಂಪೂವನ್ನೂ ತಂದಳು. ಹಳ್ಳಿಯಲ್ಲಿ ಅದನ್ನು ಕೇಳಿ ಬಾಗಿಲು ತೆಗೆಯುತ್ತಾರೆ, ಆಮೇಲೆ ಪುಡಿ ತೋರಿಸಬಹುದು ಅನ್ನುವುದು ಅವಳ ಲೆಕ್ಕ. ಅಹಮದಾಬಾದಿನಲ್ಲಿ ಓದದೆ ಇದನ್ನು ಕಲಿತಳು. ಕ್ರೀಮು ಬೇಡ ಅಂತ ಸಂಘ ಷರತ್ತು ಹಾಕಿತು.

ಪ್ರಹ್ಲಾದ್ 2009ರಲ್ಲಿ ಪದ್ಮಭೂಷಣ ಪಡೆದರು. ಲೋಕದ ಮ್ಯಾನೇಜ್‌ಮೆಂಟ್ ಚಿಂತಕರ ಪಟ್ಟಿಯಲ್ಲಿ 2007ರಲ್ಲೂ 2009ರಲ್ಲೂ ಮೊದಲ ಸ್ಥಾನ ಅವರದೇ. 2010ರ ಏಪ್ರಿಲ್ 16ರಂದು ಸ್ಯಾನ್ ಡಿಯಾಗೋದಲ್ಲಿ ತೀರಿಕೊಂಡಾಗ ಅವರಿಗೆ 68 ವರ್ಷ. ಇದ್ದಿದ್ದರೆ ನಮ್ಮ ಸಂಘದ ಲೆಕ್ಕದ ಪುಸ್ತಕ ಕಳಿಸಿ, “ಸ್ವಾಮಿ, ಇದನ್ನು ಎಲ್ಲಿ ಬರೆದುಕೊಳ್ತೀರಿ, ಮಾರುವವಳ ಕಡೆಗೋ, ಕೊಳ್ಳುವವಳ ಕಡೆಗೋ?” ಅಂತ ಕೇಳುತ್ತಿದ್ದೆ.

ಇಪ್ಪತ್ತು ಕಂತಿನಲ್ಲಿ ಅವಳು ಹನ್ನೊಂದು ಕಟ್ಟಿದ್ದಾಳೆ. ಎರಡು ತಡವಾದವು, ಆಷಾಢದಲ್ಲಿ ಮಳೆ ಹಿಡಿದು ಮೆಣಸಿನಕಾಯಿ ಒಣಗಲಿಲ್ಲ. ಆಹಾರ ಸುರಕ್ಷತೆಯ ನೋಂದಣಿಗೆ ನನ್ನ ತಮ್ಮನ ಮಗಳು ಅರ್ಜಿ ತುಂಬಿ ಕೊಟ್ಟಿದ್ದಾಳೆ. ಪುಡಿಯನ್ನು ಪ್ಲಾಸ್ಟಿಕ್ಕಿಗೆ ಬದಲು ದಪ್ಪ ಕಾಗದದ ಪೊಟ್ಟಣದಲ್ಲಿ ಕಟ್ಟುತ್ತಾಳೆ. ಅದರಲ್ಲಿ ಘಮ ಎಷ್ಟು ದಿನ ನಿಲ್ಲುತ್ತದೆ ಅಂತ ಈಗ ನಮ್ಮ ಅಡುಗೆಮನೆಯ ಗೂಡಿನಲ್ಲಿ ಮೂರು ಪೊಟ್ಟಣ ಇಟ್ಟು, ತಾರೀಖು ಬರೆದು, ನೋಡುತ್ತಿದ್ದೇವೆ. ಪೊಟ್ಟಣದ ಮೇಲೆ ಹೆಸರು ಅಚ್ಚು ಹಾಕಿಸಬೇಕು ಅನ್ನುತ್ತಾಳೆ. ಅಜ್ಜಿಯ ಹೆಸರೋ ಊರಿನ ಹೆಸರೋ ಅನ್ನುವುದು ಮುಂದಿನ ಸಭೆಗೆ ಇದೆ.